ದೊಡ್ಡಪ್ಪ ಏಳುವಷ್ಟರಲ್ಲಿ

ಹೋದ ವರ್ಷ ಆ ಗ್ಯಾರೇಜಿನಲ್ಲಿ ಒಂದು ಕಾರಿನ ಇಂಜಿನ್ ಒಡೆಯಿತು. ಅದಕ್ಕೆ ಟರ್ಬೋ ಆರಿಸಿದವನು ಯಜಮಾನನ ಅಳಿಯ. ಬೆಂಚಿನಿಂದ ಎಬ್ಬಿಸಿ ತೊಳೆಯುವ ಕೋಣೆಗೆ ಕಳಿಸಿದ್ದು ಅಕ್ಕನನ್ನು.

ಅಕ್ಕ ಎಂದರೆ ಇಡೀ ಗ್ಯಾರೇಜಿಗೆ ಅಕ್ಕ. ಹದಿನೆಂಟು ವರ್ಷ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಟರ್ಬೋ ಬಿಚ್ಚಿ ಜೋಡಿಸಿದವಳು. ಇಂಜಿನ್ ಉಗುಳುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಹಿಡಿದು ಇಂಜಿನ್ನಿನ ಬಾಯಿಗೆ ತುರುಕುತ್ತದೆ. ಬಿಟ್ಟ ಉಸಿರಿನಿಂದಲೇ ಎಳೆಯುವ ಉಸಿರನ್ನು ಹೆಚ್ಚಿಸುವ, ನೋಡಲು ಬಸವನಹುಳುವಿನಂತಿರುವ ಆ ಯಂತ್ರದ ನಾಡಿ ಅಕ್ಕನ ಬೆರಳಿಗೆ ಗೊತ್ತಿತ್ತು. ದಂಡದ ತುದಿ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, "ಇದು ಇನ್ನೊಂದು ವರ್ಷ", "ಇದು ಇವತ್ತೋ ನಾಳೆಯೋ" ಎಂದು ಹೇಳಿಬಿಡುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ.

ಒಡೆದ ಇಂಜಿನ್ನಿಗೆ ಅಳಿಯ ಕೂರಿಸಿದ್ದು ಗ್ಯಾರೇಜಿನಲ್ಲಿದ್ದ ಅತಿ ಚಿಕ್ಕ ಟರ್ಬೋ. ಅದರಿಂದ ದೊಡ್ಡ ಅಂಕಿ ಹಿಂಡಬೇಕೆಂದು ಅದನ್ನು ಶಕ್ತಿ ಮೀರಿ ಓಡಿಸಿದ. ಗಾಳಿ ಕಾದು ಕೆಂಡವಾಯಿತು, ಪಿಸ್ಟನ್ ಕರಗಿ ತೂತು ಬಿತ್ತು. "ಈಕೆ ಬೇರಿಂಗ್ ಸರಿಯಾಗಿ ಕೂರಿಸಿಲ್ಲ ಮಾವ" ಎಂದ ಅಳಿಯ. ಯಜಮಾನ ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿದ. ಅವನೂ ಒಂದು ಕಾಲಕ್ಕೆ ಕೈ ಕಪ್ಪು ಮಾಡಿಕೊಂಡು ಬೆಳೆದವನೇ. ಆಮೇಲೆ ಅದನ್ನು ಜೇಬಿಗಿಳಿಸಿದ.

"ಸ್ವಲ್ಪ ದಿನ ತೊಳೆಯೋ ಕೋಣೇಲಿರಮ್ಮ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಆ ಮಾತನ್ನ ನಿಮ್ಮ ಅಳಿಯಂದ್ರು ಆ ಟರ್ಬೋಗೆ ಹೇಳಿದ್ರೆ ಇಂಜಿನ್ ಉಳೀತಿತ್ತು ಯಜಮಾನ್ರೇ" ಎಂದಳು ಅಕ್ಕ. ಆ ಒಂದು ಮಾತಿಗೆ ಸ್ವಲ್ಪ ದಿನ ಒಂದು ವರ್ಷವಾಯಿತು.

ತೊಳೆಯುವ ಕೋಣೆಗೆ ಕಿಟಕಿಯಿಲ್ಲ. ಎರಡು ತಗಡಿನ ತೊಟ್ಟಿ, ಅವುಗಳ ತುಂಬ ಸೀಮೆಎಣ್ಣೆ, ನಾಲ್ಕು ಬ್ರಷ್, ಮೂಲೆಯಲ್ಲೊಂದು ನಲ್ಲಿ. ಇಡೀ ಗ್ಯಾರೇಜಿನ ಕೊಳೆ ಅಲ್ಲಿಗೆ ಬರುತ್ತಿತ್ತು. ಕಸದ ಬುಟ್ಟಿಗಳನ್ನು ಸುರಿಯುವುದೂ ಅಕ್ಕನ ಪಾಲಿಗೇ ಬಂತು.

ಮೊದಲ ವಾರ ಮನೆಗೆ ಹೋಗಿ ಗೋಡೆ ನೋಡುತ್ತ ಕೂತಿದ್ದಳು. ಗಂಡ ಒಲೆಯ ಮುಂದೆ ನಿಂತು ಏನನ್ನೋ ಕಲಕುತ್ತ ಮಾತು ಹುಡುಕುತ್ತಿದ್ದ. ಅತ್ತೆಗೆ ಮಾತು ಹುಡುಕುವ ಕಷ್ಟವಿರಲಿಲ್ಲ. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು, ಮೂರು ಸಲ ಮುಷ್ಕರ ಹೂಡಿ, ಎರಡು ಸಲ ಗೆದ್ದ ಹೆಂಗಸು ಆಕೆ.

"ಯಾಕೇ, ಮುಖ ಇಳಿಬಿಟ್ಕೊಂಡು ಕೂತಿದೀಯ?"

"ಕಸ ಬಳಿಯೋಕೆ ಹಾಕಿದ್ರು ಅತ್ತೆ."

"ಹಾಕ್ಲಿ ಬಿಡು. ಕಸದ ಬುಟ್ಟಿ ಯಾರ ಕೈಲಿದೆಯೋ ಮನೆ ಗುಟ್ಟೆಲ್ಲ ಅವರ ಕೈಲಿ. ಗಿರಣಿ ಮ್ಯಾನೇಜರ್ ಹರಿದೆಸೆದ ಕಾಗದಾನ ನಾವು ಅಂಟಿಸಿ ಓದಿಲ್ದೇ ಇದ್ದಿದ್ರೆ ಎರಡನೇ ಮುಷ್ಕರ ಗೆಲ್ತಿದ್ವಾ? ಏನು ಎಸೀತಾರೆ, ಅದನ್ನ ನೋಡು."

ಮಾರನೆಯ ದಿನದಿಂದ ಅಕ್ಕ ನೋಡತೊಡಗಿದಳು.

ಗ್ಯಾರೇಜಿನ ಹಿಂಭಾಗದಲ್ಲಿ ಉರುಳೆಗಳ ಕೋಣೆಯಿತ್ತು. ಕಾರಿನ ಚಕ್ರಗಳನ್ನು ಉರುಳೆಯ ಮೇಲೆ ನಿಲ್ಲಿಸಿ ಓಡಿಸಿದರೆ ಇಂಜಿನ್ನಿನ ಶಕ್ತಿ ಎಷ್ಟೆಂದು ಒಂದು ಪಟ್ಟಿ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ನಿಮಿಷಕ್ಕೆ ಸಾವಿರದೈನೂರು ಸುತ್ತಿನಿಂದ ಶುರುವಾಗಿ ಆರೂವರೆ ಸಾವಿರದವರೆಗೆ. ಅಳಿಯ ಆ ಪಟ್ಟಿಯನ್ನು ಮೂರೂವರೆ ಸಾವಿರದ ಹತ್ತಿರ ಸರಕ್ಕನೆ ಹರಿಯುತ್ತಿದ್ದ. ಗೆರೆ ಏರಿ ನಿಲ್ಲುವ ಭಾಗ ಗಿರಾಕಿಯ ಕೈಗೆ. ಗೆರೆ ತೆವಳುವ ಭಾಗ ಬುಟ್ಟಿಗೆ. ತುತ್ತತುದಿಯ ಅಂಕಿ ಮಾತ್ರ ಗೋಡೆಯ ಕಪ್ಪು ಹಲಗೆಯ ಮೇಲೆ, ಕಾರಿನ ಪಕ್ಕ, ಅಳಿಯನ ಹೆಸರಿನ ಪಕ್ಕ. ಗಿರಾಕಿಗಳು ಹಲಗೆ ನೋಡಿ ಬೆರಗಾಗುತ್ತಿದ್ದರು. ತೆವಳುವವರನ್ನು ಹರಿದೆಸೆದು ಏರಿದವರನ್ನಷ್ಟೇ ತೋರಿಸಿದರೆ ಯಾವ ರಾಜ್ಯವೂ ಬೆರಗು ಹುಟ್ಟಿಸುತ್ತದೆ.

ಹರಿದ ತುಂಡುಗಳನ್ನು ಅಕ್ಕ ಎತ್ತಿಟ್ಟಳು. ಒಂದು ಬಿಸ್ಕತ್ತಿನ ಡಬ್ಬಿ ತುಂಬಿತು. ಪ್ರತಿ ತುಂಡಿನ ಹಿಂದೆ ಯಾವ ಕಾರು, ಎಷ್ಟು ಲೀಟರಿನ ಇಂಜಿನ್, ಯಾವ ಟರ್ಬೋ ಎಂದು ಪೆನ್ಸಿಲಿನಲ್ಲಿ ಬರೆದಳು. ವರ್ಷ ತುಂಬುವಷ್ಟರಲ್ಲಿ ಯಾವ ಟರ್ಬೋ ಯಾವ ಇಂಜಿನ್ನಿನಲ್ಲಿ ಎಷ್ಟು ಸುತ್ತಿಗೆ ಕಣ್ಣು ಬಿಡುತ್ತದೆ ಎಂಬುದು ಆ ಊರಿನಲ್ಲಿ ಒಬ್ಬಳಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಅವಳ ಕೈಯಲ್ಲಿ ಬ್ರಷ್ ಇತ್ತು.

ಹೀಗಿರುವಾಗ ಲೆಕ್ಕದ ಟೀಚರು ಬಂದರು.

ಐವತ್ತೈದು ದಾಟಿದ, ಗಿಡ್ಡಗೆ ಗುಂಡಗೆ ಇದ್ದ ಹೆಂಗಸು. ಎರಡೇ ಬಾಗಿಲಿನ ಸಾಸಿವೆ ಬಣ್ಣದ ಹಳೆಯ ಕಾರು, ಒಂದು ಪಾಯಿಂಟ್ ಆರು ಲೀಟರ್ ಇಂಜಿನ್. ಸ್ಟೀರಿಂಗ್, ಬ್ರೇಕು, ಸ್ಪ್ರಿಂಗು ಎಲ್ಲವನ್ನೂ ವರ್ಷಕ್ಕೊಂದರಂತೆ ಬದಲಿಸುತ್ತ ಬಂದಿದ್ದರು. ಈಗ ಟರ್ಬೋದ ಸರದಿ. ಅವರ ಶಾಲೆ ಗುಡ್ಡದ ಮೇಲೆ. ದಿನಾ ಬೆಳಿಗ್ಗೆ ಜೊತೆಗೆ ಮೂವರು ಟೀಚರುಗಳನ್ನು ಕೂರಿಸಿಕೊಂಡು ಆ ಏರುಬೀದಿ ಹತ್ತಬೇಕು. ಮುಂದೆ ಯಾವಾಗಲೂ ಕಾಂಕ್ರೀಟ್ ಕಲಸುತ್ತ ಹೋಗುವ ಒಂದು ಸಿಮೆಂಟ್ ಲಾರಿ.

"ನನ್ನ ಎಡಗಾಲಿನ ಮಂಡಿ ಹೋಗಿದೆ" ಎಂದು ಅವರು ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಅಳಿಯನಿಗೆ ಹೇಳಿದರು. "ಲಾರಿ ಹಿಂದೆ ಸಿಕ್ಕಿಕೊಂಡ್ರೆ ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅಂತ ಕ್ಲಚ್ ತುಳಿದೂ ತುಳಿದೂ ಜೀವ ಹೋಗತ್ತೆ. ಮೂರನೇ ಗೇರಿನಲ್ಲೇ, ನಾಲ್ಕು ಜನಾನ ಹೊತ್ತುಕೊಂಡು, ಲಾರೀನ ದಾಟಬೇಕು. ಇಷ್ಟೇ ನನ್ನ ಆಸೆ."

"ಬಿಡಿ ಮೇಡಂ, ರಾಕೆಟ್ ಮಾಡಿಕೊಡ್ತೀನಿ" ಎಂದ ಅಳಿಯ.

ಚಿಕ್ಕದರಿಂದ ಬಾಯಿ ಸುಟ್ಟುಕೊಂಡವನು ಈಗ ದೊಡ್ಡದರ ಭಕ್ತನಾಗಿದ್ದ. ಗ್ಯಾರೇಜಿನಲ್ಲಿ ಮೂರು ಅಳತೆಯ ಟರ್ಬೋಗಳಿದ್ದವು. ಅವಕ್ಕೆ ವೆಲ್ಡರ್ ಹೆಸರಿಟ್ಟಿದ್ದ: ಪುಟ್ಟಿ, ಚಿಕ್ಕಪ್ಪ, ದೊಡ್ಡಪ್ಪ. ದೊಡ್ಡಪ್ಪ ಮೂರು ವರ್ಷದಿಂದ ಗಾಜಿನ ಕಪಾಟಿನಲ್ಲಿ ಹೊಳೆಯುತ್ತ ಕೂತಿದ್ದ. ಕೊಂಡವನು ಅಳಿಯ, ಒರೆಸುವವಳು ಅಕ್ಕ.

"ಇದು ಕೂತ್ರೆ ಇನ್ನೂರೆಂಬತ್ತು ಕುದುರೆ ಮೇಡಂ! ಹಲಗೆ ಮೇಲೆ ನಿಮ್ಮ ಕಾರೇ ಮೊದಲು."

ಸದ್ಯಕ್ಕೆ ಇಂಜಿನ್ ಹೇಗಿದೆ ಎಂದು ನೋಡಲು ಕಾರನ್ನು ಉರುಳೆಗಳ ಮೇಲೆ ಓಡಿಸಿದರು. ಪಟ್ಟಿ ಬಂತು. ಸರಕ್. ಅಳಿಯ ಅರ್ಧ ಟೀಚರ ಕೈಗಿತ್ತ.

ಟೀಚರು ಕನ್ನಡಕ ಏರಿಸಿದರು. "ಇದು ಮೂರೂವರೆ ಸಾವಿರದಿಂದ ಶುರುವಾಗಿದೆ. ಮೊದಲನೇ ಭಾಗ ಎಲ್ಲಿ?"

"ಅಲ್ಲೇನೂ ಇರಲ್ಲ ಮೇಡಂ. ವೇಸ್ಟು."

"ಲೆಕ್ಕದ ಹಂತಗಳನ್ನೆಲ್ಲ ಹರಿದು ಹಾಕಿ ಬರೀ ಉತ್ತರ ತೋರಿಸೋ ಹುಡುಗಂಗೆ ನಾನು ಸೊನ್ನೆ ಕೊಡ್ತೀನಿ ಕಣಪ್ಪ."

ಅಳಿಯ ನಕ್ಕ. ಅವನಿಗೆ ಅದು ತಮಾಷೆ. ಟೀಚರು ನಗಲಿಲ್ಲ. ಕೈಗೆ ಮಸಿ ಹತ್ತಿದೆ, ತೊಳೆಯುವುದೆಲ್ಲಿ ಎಂದು ಕೇಳಿದರು. ಹಿಂದಿನ ಕೋಣೆ ತೋರಿಸಿದರು.

ಬುಟ್ಟಿ ಆಗಷ್ಟೇ ಅಲ್ಲಿಗೆ ಬಂದಿತ್ತು. ಅಕ್ಕ ಬಾಗಿ, ಹೊಸ ತುಂಡನ್ನು ಎತ್ತಿ, ಬೆನ್ನಿಗೆ 'ಸಾಸಿವೆ ಕಾರು' ಎಂದು ಬರೆಯುತ್ತಿದ್ದಳು. ತಲೆಯೆತ್ತಿದರೆ ಬಾಗಿಲಲ್ಲಿ ಆ ಕಾರಿನ ಒಡತಿ.

"ಅದು ನನ್ನದು" ಎಂದರು ಟೀಚರು.

"ಹೌದು ಟೀಚರೇ. ನಿಮ್ಮದೇ. ತಗೊಳ್ಳಿ."

"ನೀವ್ಯಾಕೆ ಇಟ್ಕೋತೀರಿ?"

ಅಕ್ಕ ಡಬ್ಬಿ ತೆರೆದಳು. ತೊಟ್ಟಿಯ ಅಂಚನ್ನು ಬಟ್ಟೆಯಿಂದ ಒರೆಸಿ ಅದರ ಮೇಲೆ ತುಂಡುಗಳನ್ನು ಸಾಲಾಗಿ ಹಾಸಿದಳು. "ಇದು ನಿಮ್ಮ ಇಂಜಿನ್ನಿನಷ್ಟೇ ಇಂಜಿನ್ನು, ಅದರಲ್ಲಿ ಪುಟ್ಟಿ. ಸಾವಿರದೆಂಟುನೂರಕ್ಕೇ ಎದ್ದು ಕೂತಿದಾಳೆ, ನೋಡಿ. ಇದು ಚಿಕ್ಕಪ್ಪ, ಎರಡು ಸಾವಿರದಿನ್ನೂರು. ಇದು ದೊಡ್ಡಪ್ಪನ ಅಣ್ಣತಮ್ಮಂದಿರ ಪೈಕಿ ಒಬ್ಬ. ಮೂರೂವರೆ ಸಾವಿರದವರೆಗೂ ಗೊರಕೆ. ಆಮೇಲೆ ಎದ್ದವನು ಹಿಡಿಯೋಕಾಗಲ್ಲ."

"ಹಾಗಾದ್ರೆ ಎದ್ದ ಮೇಲೆ ಒಳ್ಳೇದಲ್ವಾ?"

"ದೊಡ್ಡಪ್ಪ ಏಳೋ ಹೊತ್ತಿಗೆ ಮನೆಯವರದೆಲ್ಲ ಊಟ ಆಗಿ ಪಾತ್ರೆ ತೊಳೆದಿರತ್ತೆ ಟೀಚರೇ."

ಟೀಚರು ಈಗ ನಕ್ಕರು. ಗೋಡೆಗೆ ಒರಗಿ, ಮಂಡಿ ಹಿಡಿದುಕೊಂಡು, ಹೊಟ್ಟೆ ಕುಣಿಯುವಂತೆ ನಕ್ಕರು. ಆಮೇಲೆ ಕೇಳಿದರು, "ಹಾಗಾದ್ರೆ ನಂಗೆ ಯಾವುದು?"

"ಗೊತ್ತಿಲ್ಲ."

"ಇಷ್ಟೆಲ್ಲ ಗೊತ್ತಿದ್ದೂ?"

"ಟರ್ಬೋ ಗೊತ್ತು. ನಿಮ್ಮ ದಾರಿ ಗೊತ್ತಿಲ್ಲ. ದಾರಿ ನೋಡದೆ ಚಪ್ಪಲಿ ಆರಿಸಬಾರದು. ನಿಮ್ಮ ಜೊತೆ ಒಂದು ದಿನ ಶಾಲೆಗೆ ಬರ್ಲಾ?"

ಬಂದಳು. ಎರಡು ದಿನ ರಜೆ ಹಾಕಿ, ಬೆಳಿಗ್ಗೆ ಏಳೂವರೆಗೆ ಟೀಚರ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ನೋಟ್‌ಬುಕ್ಕು. ಹತ್ತು ಸೆಕೆಂಡಿಗೊಮ್ಮೆ ಸುತ್ತಿನ ಮುಳ್ಳು ಎಲ್ಲಿದೆಯೋ ಅಲ್ಲೊಂದು ಗೀಟು. ಹೋಗುವಾಗ, ಬರುವಾಗ, ಎರಡೂ ದಿನ. ಹಿಂದೆ ಇಬ್ಬರ ನಡುವೆ ಇರುಕಿಕೊಂಡು ಕೂತಿದ್ದ ವಿಜ್ಞಾನದ ಟೀಚರು "ಏನ್ರೀ ಇದು, ಕಾರಿಗೆ ಹಾಜರಿ ಹಾಕ್ತಿದೀರಾ?" ಎಂದು ಛೇಡಿಸಿದರು. "ಹೌದು, ಇಂಜಿನ್ನು ಯಾವ ಕ್ಲಾಸಲ್ಲಿ ಕೂತಿರತ್ತೆ ನೋಡ್ಬೇಕು" ಎಂದಳು ಅಕ್ಕ.

ನಾನೂರ ಎಂಬತ್ತು ಗೀಟುಗಳಾದವು. ಅವುಗಳಲ್ಲಿ ನಾನೂರಕ್ಕೂ ಹೆಚ್ಚು ಎರಡು ಸಾವಿರ ಮತ್ತು ನಾಲ್ಕು ಸಾವಿರದ ನಡುವೆ ಬಿದ್ದಿದ್ದವು. ಐದು ಸಾವಿರ ದಾಟಿದ್ದು ಏಳು.

ಎರಡನೆಯ ದಿನ ಸಂಜೆ ಟೀಚರ ಮನೆಯ ಊಟದ ಮೇಜಿನ ಮೇಲೆ ಮೂರೂ ಟರ್ಬೋಗಳ ನಕ್ಷೆ ಹರಡಿದರು. ಪ್ರತಿ ಟರ್ಬೋಗೂ ಅಂಥದೊಂದು ನಕ್ಷೆ ಬರುತ್ತದೆ: ಅಡ್ಡಕ್ಕೆ ಗಾಳಿಯ ಪ್ರಮಾಣ, ಉದ್ದಕ್ಕೆ ಒತ್ತಡ, ನಡುವೆ ಹೆಚ್ಚಿದ ಈರುಳ್ಳಿಯ ಹಾಗೆ ಒಳಗೊಳಗೆ ಸುತ್ತುಗಳು. ತಿರುಳಿನಲ್ಲಿದ್ದಷ್ಟೂ ಟರ್ಬೋ ಸುಖವಾಗಿ ದುಡಿಯುತ್ತದೆ. ಎಡಗಡೆಯ ಗೆರೆ ದಾಟಿದರೆ ಒತ್ತಿದ ಗಾಳಿ ಹಿಮ್ಮೆಟ್ಟಿ ಬಿಕ್ಕಳಿಕೆ ಹತ್ತುತ್ತದೆ. ಬಲಗಡೆ ದಾಟಿದರೆ ಉಸಿರು ಕಟ್ಟಿ ಗಾಳಿ ಕಾಯುತ್ತದೆ. ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆಯಷ್ಟು ಗಾಳಿ ಕುಡಿಯುತ್ತದೆ ಎಂದು ಅಕ್ಕ ಹೇಳಿದಳು. ಗುಣಾಕಾರ ಟೀಚರು ಮಾಡಿದರು. ಎರಡು ಸಾವಿರದೈನೂರು ಸುತ್ತಿಗೊಂದು ಚುಕ್ಕೆ, ಆರು ಸಾವಿರಕ್ಕೊಂದು ಚುಕ್ಕೆ.

ಪುಟ್ಟಿಯ ನಕ್ಷೆಯಲ್ಲಿ ಎರಡನೆಯ ಚುಕ್ಕೆ ಬಲಗಡೆ ಹೊರಗೆ ಬಿತ್ತು. ದೊಡ್ಡಪ್ಪನ ನಕ್ಷೆಯಲ್ಲಿ ಮೊದಲನೆಯದು ಎಡಗಡೆ ಹೊರಗೆ. ಚಿಕ್ಕಪ್ಪನ ನಕ್ಷೆಯಲ್ಲಿ ಎರಡೂ ಒಳಗೆ. ನಾನೂರು ಗೀಟುಗಳ ಜಾಗ ಈರುಳ್ಳಿಯ ತಿರುಳಿನ ಮೇಲೇ ಕೂತಿತು.

ಟೀಚರು ಪೆನ್ಸಿಲ್ ಕೆಳಗಿಟ್ಟರು. "ಇಷ್ಟು ಸೊಗಸಾದ ಲೆಕ್ಕ ಮಾಡೋರನ್ನ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದಾರಲ್ಲ! ಯಾಕೆ?"

ಅಕ್ಕ ಆಗ ಒಡೆದ ಇಂಜಿನ್ನಿನ ಕಥೆ ಹೇಳಿದಳು.

ಮಾರನೆಯ ಬೆಳಿಗ್ಗೆ ಟೀಚರು ಗಾಜಿನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಯಜಮಾನನಿಗೆ ಹೇಳಿದರು, "ನನ್ನ ಕಾರಿಗೆ ಟರ್ಬೋ ಆರಿಸೋದು ನಿಮ್ಮ ತೊಳೆಯೋ ಕೋಣೆಯವರು."

"ಆಕೆಗೇನು ಗೊತ್ತು ಮೇಡಂ!" ಎಂದ ಅಳಿಯ. "ಹೋದ ವರ್ಷ ಇಂಜಿನ್ ಒಡೆದೋಳು."

"ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನ ನನ್ನ ಕ್ಲಾಸಲ್ಲಿ ಬೆಂಚಿನ ಮೇಲೆ ನಿಂತೋರು ಯಜಮಾನ್ರೇ. ಇವತ್ತಿಗೂ ನನ್ನ ಮಾತು ಕೇಳ್ತಾರೆ. ಕಾರು ತಗೊಂಡು ಹೋಗ್ಲಾ?"

ಯಜಮಾನ ಲೆಕ್ಕದ ಮನುಷ್ಯನಲ್ಲದಿದ್ದರೂ ಆ ಲೆಕ್ಕ ಅವನಿಗೆ ತಿಳಿಯಿತು. ಬೆನ್ನು ಒರಗಿಸಿ ಒಂದು ಉಪಾಯ ಹೇಳಿದ. ಎರಡನ್ನೂ ಕೂರಿಸೋಣ. ಮೊದಲು ದೊಡ್ಡಪ್ಪ, ಆಮೇಲೆ ಚಿಕ್ಕಪ್ಪ. ನಾಲ್ಕೂ ಜನ ಕಾರಲ್ಲಿ ಕೂತು ಏರುಬೀದಿ ಹತ್ತೋಣ. ಯಾವುದು ಲಾರಿ ದಾಟತ್ತೋ ಅದು.

"ನೀನು ಗೆದ್ರೆ ಬೆಂಚು ವಾಪಸ್ ಕೊಡ್ತೀನಮ್ಮ. ಸೋತ್ರೆ ತೊಳೆಯೋ ಕೋಣೇಲಿ ಬಾಯಿ ಮುಚ್ಕೊಂಡು ಇರ್ಬೇಕು."

"ಬೆಂಚು ಹದಿನೆಂಟು ವರ್ಷದಿಂದ ನಂದೇ ಯಜಮಾನ್ರೇ. ನಂದನ್ನೇ ನಂಗೆ ಬಹುಮಾನ ಕೊಡ್ಬೇಡಿ" ಎಂದಳು ಅಕ್ಕ. ಕೈಯಲ್ಲಿ ಬ್ರಷ್ ಹಾಗೇ ಇತ್ತು, ಸೀಮೆಎಣ್ಣೆ ಕ್ಯಾಬಿನ್ನಿನ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. "ಗೆದ್ರೆ ಒಂದು ಮಾತು ಬೇಕು. ಹೋದ ವರ್ಷ ಇಂಜಿನ್ ಒಡೆದದ್ದು ಯಾರಿಂದ ಅಂತ ನೀವು, ನಿಮ್ಮ ಬಾಯಲ್ಲಿ, ಎಲ್ಲರ ಮುಂದೆ ಹೇಳ್ಬೇಕು."

"ಗೆಲ್ಲು, ಆಮೇಲೆ ನೋಡೋಣ" ಎಂದ ಯಜಮಾನ. "ನೋಡೋಣ ಅಲ್ಲ, ಹೇಳೋಣ" ಎಂದು ತಿದ್ದಿದರು ಟೀಚರು.

ಮೂರು ವಾರ ಕೆಲಸ ನಡೆಯಿತು. ಒಳಗೆ ಗಟ್ಟಿ ಪಿಸ್ಟನ್ ಹಾಕಿದರು, ಪೆಟ್ರೋಲಿನ ದಾರಿ ದೊಡ್ಡದು ಮಾಡಿದರು. ವೆಲ್ಡರ್ ಎರಡೂ ಟರ್ಬೋಗಳಿಗೆ ಹೊಂದುವಂತೆ ಹೊಗೆಯ ಕೊಳವೆ ಕಟ್ಟಿದ. ಬೆಸುಗೆಯ ಒಂದೊಂದು ಗೆರೆಯನ್ನೂ ಅಕ್ಕನಿಗೆ ತೋರಿಸಿ, "ಅಕ್ಕಾ, ಇಲ್ಲಿ ಸರಿ ಇದೆಯಾ?" ಎಂದು ಗ್ಯಾರೇಜಿಗೆಲ್ಲ ಕೇಳುವಂತೆ ಕೇಳುತ್ತಿದ್ದ. ಅವನ ಪ್ರತಿಭಟನೆಯ ಬಗೆ ಅದು.

ಮೊದಲ ಸೋಮವಾರ ದೊಡ್ಡಪ್ಪನ ಸರದಿ. ಟೀಚರು ಸ್ಟೀರಿಂಗಿನ ಹಿಂದೆ, ಅಳಿಯ ಪಕ್ಕದಲ್ಲಿ, ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಯಜಮಾನ ಮತ್ತು ಅಕ್ಕ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಏರುಬೀದಿಯಲ್ಲಿ ಎರಡು ತಿರುವುಗಳ ನಡುವೆ ಮುನ್ನೂರು ಹೆಜ್ಜೆಯಷ್ಟು ನೇರ ಜಾಗವಿದೆ. ಲಾರಿ ದಾಟುವುದಾದರೆ ಅಲ್ಲೇ. ಲಾರಿ ಎಂದಿನಂತೆ ಮುಂದಿತ್ತು, ಹೊಟ್ಟೆ ತಿರುಗಿಸುತ್ತ, ಬೂದಿ ಬಣ್ಣದ ನೀರು ತೊಟ್ಟಿಕ್ಕಿಸುತ್ತ.

ಮೊದಲ ತಿರುವು ಕಳೆಯಿತು. ಎದುರಿಗೆ ದಾರಿ ಖಾಲಿ. ಟೀಚರು ಮೂರನೇ ಗೇರಿನಲ್ಲೇ ಪೆಡಲನ್ನು ನೆಲಕ್ಕೆ ಒತ್ತಿದರು.

"ಒಂದು" ಎಂದು ಎಣಿಸಿದರು.

ಏನೂ ಆಗಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ಆಕಳಿಸಿದಂಥ ಸದ್ದು.

"ಎರಡು. ಮೂರು. ನಾಲ್ಕು."

"ಬರತ್ತೆ ಮೇಡಂ, ಈಗ ಬರತ್ತೆ" ಎಂದ ಅಳಿಯ.

"ಐದು. ಆರು. ಏಳು."

ಬಂತು. ಎರಡನೇ ತಿರುವು ಬಂದಾಗ ಬಂತು. ಮಲಗಿದ್ದವನನ್ನು ಒದ್ದು ಎಬ್ಬಿಸಿದಂತೆ ಕಾರು ಒಮ್ಮೆಲೇ ಮುಂದಕ್ಕೆ ಚಿಮ್ಮಿತು. ಲಾರಿಯ ಅರ್ಧದವರೆಗೂ ಹೋಗಿದ್ದ ಟೀಚರು ಬ್ರೇಕ್ ತುಳಿದು, ಮತ್ತೆ ಅದರ ಬೆನ್ನಿಗೇ ಬಿದ್ದರು. ಕಾಲು ತೆಗೆದದ್ದೇ ತಡ ಬಾನೆಟ್ಟಿನ ಕೆಳಗಿನಿಂದ ಹುಕ್ ಹುಕ್ ಹುಕ್ ಎಂದು ಬಿಕ್ಕಳಿಕೆ.

"ದೊಡ್ಡಪ್ಪಂಗೆ ನೀರು ಕುಡಿಸಿ ಯಾರಾದ್ರೂ" ಎಂದರು ಟೀಚರು, ಎರಡನೇ ಗೇರಿಗೆ ಇಳಿಸಲು ಕ್ಲಚ್ ತುಳಿದು, ನೋವಿಗೆ ತುಟಿ ಕಚ್ಚಿ. "ಇನ್ನೂರೆಂಬತ್ತು ಕುದುರೆ ಲಾಯದಲ್ಲಿ ಮಲಗಿದ್ರೆ ನನ್ನ ಗಾಡಿ ಎಳೆಯೋರ್ಯಾರಪ್ಪ?"

ಅಳಿಯ ಕಿಟಕಿಯಾಚೆ ನೋಡಿದ. ಯಜಮಾನ ಕೆಮ್ಮಿದ. ಅಕ್ಕನ ಸರದಿ ಇನ್ನೂ ಬಂದಿರಲಿಲ್ಲ, ಬಾರದ ಗೆಲುವಿಗೆ ಹಲ್ಲು ಬಿಡುವ ಅಭ್ಯಾಸವೂ ಅವಳಿಗಿರಲಿಲ್ಲ.

ಚಿಕ್ಕಪ್ಪನನ್ನು ಅಕ್ಕ ತಾನೇ ಕೂರಿಸಿದಳು. ಒಂದು ವರ್ಷ ಬ್ರಷ್ ಹಿಡಿದ ಬೆರಳುಗಳಿಗೆ ನೆನಪು ಹೋಗಿರಲಿಲ್ಲ. ಎಣ್ಣೆಯ ದಾರಿ ಬಿಗಿದಳು, ದಂಡವನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟಳು, ಒತ್ತಡದ ಮಿತಿಯ ಕವಾಟವನ್ನು ತನ್ನ ಚುಕ್ಕೆಗಳಿಗೆ ತಕ್ಕಂತೆ ಹೊಂದಿಸಿದಳು. ಅದಕ್ಕಿಂತ ಹೆಚ್ಚು ಹಿಂಡಬಾರದು. ಹಿಂಡುವುದನ್ನು ಶಕ್ತಿ ಎಂದುಕೊಂಡವರ ಗತಿ ಅವಳು ನೋಡಿದ್ದಳು.

ಮುಂದಿನ ಸೋಮವಾರ ಮುಂದಿನ ಸೀಟು ಅಕ್ಕನದು. ಅಳಿಯ ಮಾವನ ಪಕ್ಕ ಹಿಂದೆ ತುರುಕಿಕೊಂಡ. ಲಾರಿ ಇತ್ತು. ಏರು ಇತ್ತು. ಮೊದಲ ತಿರುವು ಕಳೆಯಿತು. ಎದುರಿಗೆ ಖಾಲಿ. ಮುಳ್ಳು ಎರಡು ಸಾವಿರದ ನಾನೂರರ ಮೇಲಿತ್ತು. ಹದಿನೆಂಟು ವರ್ಷದ ಕಸುಬು, ಒಂದು ವರ್ಷದ ಸೀಮೆಎಣ್ಣೆ, ನಾನೂರ ಎಂಬತ್ತು ಗೀಟು, ಎಲ್ಲವೂ ಈಗ ಆ ಮುಳ್ಳಿನ ಮೇಲೆ.

ಟೀಚರು ಪೆಡಲ್ ಒತ್ತಿದರು. "ಒಂದು."

ಎರಡು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬೆನ್ನ ಹಿಂದಿನಿಂದ ಒಂದು ದೊಡ್ಡ ಕೈ, ಒರಟಾಗಿಯಲ್ಲ, ಗಟ್ಟಿಯಾಗಿ, ಕಾರನ್ನು ಎತ್ತಿ ಏರಿನ ಮೇಲಕ್ಕೆ ತಳ್ಳಿತು. ಸಣ್ಣ ಸಿಳ್ಳೆಯೊಂದು ಬಾನೆಟ್ಟಿನ ಕೆಳಗೆ ಹುಟ್ಟಿ ಏರಿತು. ಮುಳ್ಳು ಮೂರು ಸಾವಿರ ದಾಟಿ, ಮೂರೂವರೆ ದಾಟಿ, ಒಂದೇ ಉಸಿರಿನಲ್ಲಿ ಹತ್ತಿತು. ಲಾರಿಯ ಹಿಂದಿನ ಚಕ್ರ ಹೋಯಿತು, ತಿರುಗುವ ಹೊಟ್ಟೆ ಹೋಯಿತು, ಕಿಟಕಿಯಲ್ಲಿ ಚಾಲಕನ ತೆರೆದ ಬಾಯಿ ಕಂಡು ಅದೂ ಹಿಂದೆ ಹೋಯಿತು. ಎರಡನೇ ತಿರುವು ಇನ್ನೂ ನೂರು ಹೆಜ್ಜೆ ದೂರವಿತ್ತು. ಟೀಚರ ಎಡಗಾಲು ಮ್ಯಾಟಿನ ಮೇಲೆ ಆರಾಮವಾಗಿ ಮಲಗಿತ್ತು.

"ಅಯ್ಯಯ್ಯೋ!" ಎಂದು ಕೂಗಿದರು ಟೀಚರು. "ಅಯ್ಯಯ್ಯೋ ನನ್ನ ಬಂಗಾರ!" ಕಾರಿಗೆ ಹೇಳಿದರೋ ಅಕ್ಕನಿಗೆ ಹೇಳಿದರೋ, ಹಾರ್ನ್ ಮಾತ್ರ ಶಾಲೆಯ ಗೇಟಿನವರೆಗೂ ಬಾರಿಸುತ್ತಲೇ ಹೋದರು.

ಅಕ್ಕ ಆಗ ನಕ್ಕಳು. ಒಂದು ವರ್ಷದ ನಗು ಒಟ್ಟಿಗೆ ಬಂತು. ಕಿಟಕಿ ಇಳಿಸಿ ಮುಖವನ್ನು ಗಾಳಿಗೊಡ್ಡಿದಳು. ಸೀಮೆಎಣ್ಣೆಯ ವಾಸನೆಯಿಲ್ಲದ ಗಾಳಿ, ಅದನ್ನು ಎಷ್ಟು ಕುಡಿದರೂ ಸಾಲದಾಯಿತು.

ಹಿಂದಿನ ಸೀಟಿನಲ್ಲಿ ಯಜಮಾನ ತನಗೆ ತಿಳಿಯದಂತೆಯೇ "ಎಂಥಾ ಎಳೆತ!" ಎಂದುಬಿಟ್ಟ. ಅವನೊಳಗಿನ ಹಳೆಯ ಮೆಕ್ಯಾನಿಕ್ ಒಂದು ಗಳಿಗೆ ತಾನು ಮಾವನೆಂಬುದನ್ನು ಮರೆತಿದ್ದ.

ಟೀಚರು ಮೊದಲ ಪೀರಿಯಡ್ಡಿಗೆ ರಜೆ ಹೇಳಿ ಎಲ್ಲರನ್ನೂ ಗ್ಯಾರೇಜಿಗೆ ವಾಪಸ್ ಕರೆತಂದರು. ಕಾರು ಒಳಗೆ ಬರುವ ಮೊದಲೇ ವೆಲ್ಡರ್ ಅಕ್ಕನ ಮುಖ ನೋಡಿ ಸುತ್ತಿಗೆಯಿಂದ ಖಾಲಿ ಡ್ರಮ್ಮಿಗೆ ಮೂರು ಪೆಟ್ಟು ಕೊಟ್ಟ. ಟಯರಿನವನು, ಪೇಂಟಿನವನು, ಕಾಯುತ್ತ ಕೂತಿದ್ದ ನಾಲ್ಕು ಗಿರಾಕಿಗಳು, ಎಲ್ಲರೂ ಇತ್ತ ತಿರುಗಿದರು.

"ಸರಿಯಮ್ಮ" ಎಂದ ಯಜಮಾನ, ಕೋಟಿನ ಧೂಳು ಕೊಡವುತ್ತ. "ಗೆದ್ದೆ. ಹೋಗಿ ಬೆಂಚಲ್ಲಿ ಕೂತ್ಕೋ."

ಅಕ್ಕ ಕದಲಲಿಲ್ಲ. "ಮಾತು?"

"ಯಾವ ಮಾತು... ನೋಡು, ಮಗಳ ಗಂಡ ಅವನು. ಮನೆ ಮರ್ಯಾದೆ ಅಂತ ಒಂದಿರತ್ತೆ. ದೊಡ್ಡ ಮನಸ್ಸು ಮಾಡು."

"ನಂಗೂ ಮನೆಯಿದೆ ಯಜಮಾನ್ರೇ. ಒಂದು ವರ್ಷ ಆ ಮನೆ ಮರ್ಯಾದೇನ ನಿಮ್ಮ ತೊಟ್ಟೀಲಿ ತೊಳೆದಿದೀನಿ. ಮನಸ್ಸು ದೊಡ್ಡದೇ ಇದೆ. ಅದಕ್ಕೇ ಒಂದೇ ಮಾತು ಕೇಳ್ತಿರೋದು."

ವೆಲ್ಡರ್ ಗ್ಯಾಸಿನ ಕವಾಟ ತಿರುಗಿಸಿದ. ಉರಿ ಪಟ್ ಎಂದು ಆರಿತು. ಟಯರಿನವನು ಗಾಳಿಯ ಯಂತ್ರ ನಿಲ್ಲಿಸಿದ. ಪೇಂಟಿನವನು ಬಣ್ಣ ಚಿಮ್ಮುವ ಗನ್ನು ಕೆಳಗಿಟ್ಟು ಕೈಕಟ್ಟಿ ನಿಂತ. ಗ್ಯಾರೇಜು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಯಜಮಾನ ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ.

ಅವನು ನೆಲ ನೋಡಿದ, ಅಳಿಯನನ್ನು ನೋಡಿದ, ಹಲಗೆ ನೋಡಿದ. "ಬೇರಿಂಗ್ ಸರಿಯಾಗೇ ಇತ್ತು" ಎಂದ ಕೊನೆಗೆ.

"ಜೋರಾಗಿ, ಹಿಂದಿನ ಬೆಂಚಿಗೂ ಕೇಳಬೇಕು" ಎಂದರು ಟೀಚರು.

"ಹೋದ ವರ್ಷ ಇಂಜಿನ್ ಒಡೆದದ್ದು ಈಕೆಯಿಂದ ಅಲ್ಲ. ಟರ್ಬೋ ತಪ್ಪಾಗಿ ಆರಿಸಿದ್ದು ನನ್ನ ಅಳಿಯ. ನಂಗೆ... ನಂಗೆ ಅವತ್ತೇ ಗೊತ್ತಿತ್ತು."

ಅಳಿಯನ ಕಿವಿ ಕೆಂಪಾಯಿತು. ವೆಲ್ಡರ್ "ಅಕ್ಕಾ!" ಎಂದು ಕೂಗಿ ಡ್ರಮ್ಮಿಗೆ ಮತ್ತೊಂದು ಪೆಟ್ಟು ಕೊಟ್ಟ.

ಅಕ್ಕ ನಡೆದುಹೋಗಿ ಬೆಂಚಿನ ಮೇಲೆ ಯಾರೋ ಪೇರಿಸಿದ್ದ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಸ್ಟೂಲು ಎಳೆದು ಕೂತಳು. ಕಿಟಕಿಯ ಬೆಳಕು ಕೈಮೇಲೆ ಬಿತ್ತು.

ಗಿರಾಕಿಗಳ ನಡುವೆ ಫೋಟೋ ಸ್ಟುಡಿಯೋದ ಯುವಕನೊಬ್ಬನಿದ್ದ. ಹೊರಗೆ ಅವನ ಬಿಳಿ ಕಾರು ನಿಂತಿತ್ತು. ಕಳೆದುಕೊಂಡ ಗತ್ತನ್ನು ಎಲ್ಲಾದರೂ ಹೆಕ್ಕಬೇಕಾಗಿದ್ದ ಯಜಮಾನ ದನಿ ಏರಿಸಿದ. "ಹಾಂ, ಆಯ್ತಲ್ಲ, ಎಲ್ಲ ಕೆಲಸ ನೋಡಿ! ಅಮ್ಮಾ, ಟೀಚರ ಕಾರಿಂದ ಇಳಿಸಿದ ದೊಡ್ಡಪ್ಪ ಸುಮ್ನೆ ಬಿದ್ದಿದೆ. ಈ ತಮ್ಮನ ಕಾರಿಗೆ ಕೂರಿಸಿಬಿಡು. ಅವರೇ ಕೇಳಿದಾರೆ, ಹಲಗೆ ನೋಡಿ."

ಅಕ್ಕ ಯುವಕನ ಕಡೆ ತಿರುಗಿದಳು. "ದಿನಾ ಎಲ್ಲಿಂದ ಎಲ್ಲಿಗೆ ಓಡಿಸ್ತೀಯಪ್ಪ?"

"ಮನೆಯಿಂದ ಸ್ಟುಡಿಯೋಗೆ ಅಕ್ಕ. ಹತ್ತಿರಾನೇ. ನಡುವೆ ಎಂಟು ಸಿಗ್ನಲ್ಲು."

"ಅದೆಲ್ಲ ನಿಂಗ್ಯಾಕೆ?" ಎಂದ ಯಜಮಾನ. "ಹೇಳಿದಷ್ಟು ಮಾಡು. ಕೂರಿಸು ಅಂದೆ, ಕೂರಿಸು."

"ಕೂರಿಸಲ್ಲ" ಎಂದಳು ಅಕ್ಕ.